ಅಡುಗೆಮನೆ ಕಪಾಟು: ಕೆಡುವುದು ಅಂಚಿನಲ್ಲಿ, ತೂತಿನಲ್ಲಿ

ಈ ಬಾರಿ ಬಂದ ಪತ್ರಗಳಲ್ಲಿ ಬಹುಪಾಲು ಅಡುಗೆಮನೆಯವೇ. ಕೆಲವರು ಸ್ವಂತ ಕೈಯಿಂದ ಕಪಾಟು ಮಾಡಲು ಹೊರಟಿದ್ದಾರೆ, ಇನ್ನು ಕೆಲವರು ಮಾಡಿಸಿದ್ದು ಕೆಟ್ಟು ರಿಪೇರಿಗೆ ಕೂತಿದ್ದಾರೆ. ಪ್ರಶ್ನೆ ಬೇರೆ ಬೇರೆಯಾದರೂ ತೊಂದರೆ ಶುರುವಾಗುವ ಜಾಗ ಹೆಚ್ಚುಕಡಿಮೆ ಒಂದೇ. ಹಲಗೆಯ ಮುಖ ಅಷ್ಟು ಬೇಗ ಕೆಡುವುದಿಲ್ಲ. ಕೊಯ್ದ ಅಂಚು, ಕೊರೆದ ತೂತು ಮೊದಲು ಕೆಡುತ್ತವೆ. ಕೀಲು, ಡ್ರಾಯರ್ ಜಾರುವ ಚಾನೆಲ್‌ಗಳು ತಯಾರಾಗುವುದು ಮಿಲಿಮೀಟರ್ ಲೆಕ್ಕದಲ್ಲಿ. ಹಾಗಾಗಿ ಅಳತೆಗಳನ್ನೂ ಮಿಲಿಮೀಟರಿನಲ್ಲೇ ಕೊಟ್ಟಿದ್ದೇವೆ. ಟೇಪಿನಲ್ಲಿ ಒಮ್ಮೆ ಇಂಚು, ಒಮ್ಮೆ ಮಿ.ಮೀ. ಓದುವ ಅಭ್ಯಾಸವಿದ್ದರೆ ಕೆಲಸಕ್ಕೆ ಮೊದಲು ಅದನ್ನು ಬಿಡಿ.

ಪ್ರಶ್ನೆ: ಗ್ರಾನೈಟ್ ಕಟ್ಟೆಯ ಕೆಳಗೆ ಕೂರುವ 600 ಮಿ.ಮೀ. ಅಗಲದ, ಎರಡು ಬಾಗಿಲಿನ ಕಪಾಟನ್ನು ನಾನೇ ಮಾಡಬೇಕೆಂದಿದ್ದೇನೆ. ಹಲಗೆಗಳನ್ನು ಯಾವ ಅಳತೆಗೆ ಕೊಯ್ಸಬೇಕು? — ಓದುಗರೊಬ್ಬರು, ಹುಬ್ಬಳ್ಳಿ

ಮೊದಲು ಎತ್ತರ ನಿಶ್ಚಯಿಸಿ. ಅಡುಗೆ ಮಾಡುವವರು ನೆಟ್ಟಗೆ ನಿಂತು ಮೊಣಕೈ ಮಡಚಿದಾಗ ಮೊಣಕೈ ಇರುವ ಮಟ್ಟಕ್ಕಿಂತ ಕಟ್ಟೆ 100ರಿಂದ 150 ಮಿ.ಮೀ. ಕೆಳಗಿರಬೇಕು. 100 ಮಿ.ಮೀ. ಪ್ಲಾಸ್ಟಿಕ್ ಕಾಲು, 720 ಮಿ.ಮೀ. ಪೆಟ್ಟಿಗೆ, 20 ಮಿ.ಮೀ. ಗ್ರಾನೈಟ್ ಸೇರಿ 840 ಆಗುತ್ತದೆ. ಇದು ಹೆಚ್ಚಿನವರಿಗೆ ಹೊಂದುತ್ತದೆ. ಮನೆಯವರು ಕುಳ್ಳಗಿದ್ದರೆ ಪೆಟ್ಟಿಗೆಯನ್ನೇ ತಗ್ಗಿಸಿ, ಕಾಲನ್ನು ತಗ್ಗಿಸಬೇಡಿ. ನೆಲ ಒರೆಸುವ ನೀರಿನಿಂದ ಹಲಗೆಯನ್ನು ಕಾಪಾಡುವುದು ಆ 100 ಮಿ.ಮೀ. ಅಂತರವೇ. ಒಲೆಯನ್ನು ಕಟ್ಟೆಯ ಮೇಲಿಟ್ಟು ಅದರ ಮೇಲೆ ಕುಕ್ಕರ್ ಇಟ್ಟಾಗ ಎಷ್ಟು ಎತ್ತರವಾಗುತ್ತದೆ ಎಂಬುದನ್ನೂ ನೋಡಿಕೊಳ್ಳಿ. ಒಲೆ ಕೂರುವ ಭಾಗವನ್ನಷ್ಟೇ 100 ಮಿ.ಮೀ. ತಗ್ಗಿಸಿದರೆ ಭುಜಕ್ಕೆ ತುಂಬ ಆರಾಮ.

ಇನ್ನು ಕೊಯ್ತದ ಪಟ್ಟಿ. ಮೊದಲ ಸಲ ಮಾಡುವವರು ತಪ್ಪುವುದು ಇಲ್ಲೇ. 18 ಮಿ.ಮೀ. ಪ್ಲೈ ಎಂದು ಲೆಕ್ಕ ಹಾಕಿ 600ರಲ್ಲಿ 36 ಕಳೆದು ತಳದ ಹಲಗೆಯನ್ನು 564ಕ್ಕೆ ಕೊಯ್ಸುತ್ತಾರೆ. ಆದರೆ ಎರಡೂ ಮುಖಕ್ಕೆ 0.8 ಮಿ.ಮೀ. ಮೈಕಾ ಅಂಟಿಸಿದ ಮೇಲೆ ಅದೇ ಹಲಗೆ ಅಂಟೂ ಸೇರಿ 20 ಮಿ.ಮೀ. ಹತ್ತಿರ ಬರುತ್ತದೆ. ಪೆಟ್ಟಿಗೆ 604 ಆಗಿ ಕಟ್ಟೆಯ ಕೆಳಗೆ ಕೂರುವುದೇ ಇಲ್ಲ. ಮೈಕಾ ಅಂಟಿಸಿದ ಒಂದು ತುಂಡಿನ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆದ ಮೇಲೆಯೇ ಪಟ್ಟಿ ಬರೆಯಿರಿ. ದಪ್ಪ 20 ಬಂದರೆ ಲೆಕ್ಕ ಹೀಗೆ: ಬದಿಯ ಹಲಗೆ ಎರಡು, 720 × 560. ತಳದ ಹಲಗೆ ಒಂದು, 560 × 560. ಮೇಲೆ ಮುಂದೊಂದು ಹಿಂದೊಂದು ಅಡ್ಡಪಟ್ಟಿ, 560 × 90. ನಡುವಿನ ತಟ್ಟು ಒಂದು, 558 × 520. ಹಿಂಬದಿಗೆ 6 ಮಿ.ಮೀ. ಪ್ಲೈ, 596 × 716.

ಅಡ್ಡಪಟ್ಟಿ 100 ಏಕಲ್ಲ, 90 ಏಕೆ? 1220 ಮಿ.ಮೀ. ಅಗಲದ ಹಾಳೆಯಲ್ಲಿ 560, 560, 100 ಸರಿಯಾಗಿ ಹೊಂದುತ್ತವೆ ಎಂದು ಕಾಗದದ ಮೇಲೆ ಕಾಣುತ್ತದೆ. ಆದರೆ ಗರಗಸದ ಬ್ಲೇಡು ಪ್ರತಿ ಕೊಯ್ತಕ್ಕೆ ಸುಮಾರು 3 ಮಿ.ಮೀ. ತಿನ್ನುತ್ತದೆ. ಎರಡು ಕೊಯ್ತಕ್ಕೆ 6 ಹೋಗಿ ಉಳಿಯುವುದು 94 ಮಾತ್ರ.

ಶಟರ್‌ಗಳನ್ನು, ಅಂದರೆ ಬಾಗಿಲುಗಳನ್ನು, ಬೇರೆ ಹಾಳೆಯಿಂದ ತೆಗೆಯಿರಿ, ಏಕೆಂದರೆ ಅವುಗಳ ಹೊರಮುಖಕ್ಕೆ 1 ಮಿ.ಮೀ. ಮೈಕಾ ಬೇಕು. ಒಳಮುಖಕ್ಕೂ ಮೈಕಾ ಹಾಕಲೇಬೇಕು. ಒಂದೇ ಬದಿಗೆ ಹಾಕಿದರೆ ಬರಿ ಬದಿ ಮಾತ್ರ ತೇವ ಹೀರಿ, ಆರಿ, ಶಟರ್ ಬಿಲ್ಲಿನಂತೆ ಬಾಗುತ್ತದೆ. ಸಿದ್ಧವಾದ ಶಟರ್ ತಲಾ 297 × 716 ಇರಬೇಕು. ಆಗ ನಡುವೆ 3 ಮಿ.ಮೀ., ಎರಡೂ ಹೊರಬದಿಯಲ್ಲಿ ಒಂದೂವರೆ ಮಿ.ಮೀ. ಸಂದು ಉಳಿಯುತ್ತದೆ. ನಾಲ್ಕೂ ಬದಿಗೆ 2 ಮಿ.ಮೀ. ಎಡ್ಜ್ ಬ್ಯಾಂಡ್ ಹಾಕುವುದಾದರೆ ಕೊಯ್ಸುವ ಅಳತೆ 293 × 712. ಇದನ್ನು ಮರೆತರೆ ಎರಡು ಬಾಗಿಲೂ ಒಂದಕ್ಕೊಂದು ಉಜ್ಜುತ್ತವೆ.

ಜೋಡಿಸಲು 4 × 50 ಮಿ.ಮೀ. ಚಿಪ್‌ಬೋರ್ಡ್ ಸ್ಕ್ರೂ ಬಳಸಿ. ಜಿಪ್ಸಂ ಹಲಗೆಗೆ ಹಾಕುವ ಕಪ್ಪು ಸ್ಕ್ರೂ ಅಗ್ಗವೆಂದು ಎಲ್ಲರೂ ಅದನ್ನೇ ತರುತ್ತಾರೆ. ಅದು ಗಡಸು, ಭಾರ ಬಿದ್ದರೆ ಬಾಗದೆ ಪಟ್ಟನೆ ಮುರಿಯುತ್ತದೆ. ಅಡುಗೆಮನೆಯ ತೇವಕ್ಕೆ ತುಕ್ಕೂ ಹಿಡಿಯುತ್ತದೆ. ಬದಿಯ ಹಲಗೆಗೆ 4 ಮಿ.ಮೀ., ತಳದ ಹಲಗೆಯ ಅಂಚಿಗೆ 3 ಮಿ.ಮೀ. ತೂತು ಮೊದಲೇ ಕೊರೆಯಿರಿ. ಕೊರೆಯದೆ ಸ್ಕ್ರೂ ಬಿಗಿದರೆ ಪ್ಲೈನ ಪದರಗಳು ಬಾಯಿ ಬಿಡುತ್ತವೆ. ತುದಿಯಿಂದ 40 ಮಿ.ಮೀ. ಬಿಟ್ಟು, 150 ಮಿ.ಮೀ.ಗೆ ಒಂದರಂತೆ ಸ್ಕ್ರೂ ಸಾಕು. ಹಿಂಬದಿಯ ಹಲಗೆ ಹೊಡೆಯುವ ಮುನ್ನ ಪೆಟ್ಟಿಗೆಯನ್ನು ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ವ್ಯತ್ಯಾಸ 1 ಮಿ.ಮೀ. ಮೀರಬಾರದು. ಆಮೇಲೆ ಕೀಲಿನ ಸ್ಕ್ರೂ ಎಷ್ಟು ತಿರುಗಿಸಿದರೂ ಸೊಟ್ಟ ಪೆಟ್ಟಿಗೆ ನೆಟ್ಟಗಾಗದು.

ಕೀಲಿನ ಬಟ್ಟಲಿಗೆ 35 ಮಿ.ಮೀ. ಬಿಟ್‌ನಿಂದ 12 ಮಿ.ಮೀ. ಆಳದ ಗುಳಿ ತೆಗೆಯಿರಿ. ಗುಳಿಯ ನಡುಬಿಂದು ಶಟರ್ ಅಂಚಿನಿಂದ 22.5 ಮಿ.ಮೀ., ಮೇಲಿನ ಮತ್ತು ಕೆಳಗಿನ ತುದಿಯಿಂದ 100 ಮಿ.ಮೀ. ದೂರವಿರಲಿ. ಬದಿಯ ಹಲಗೆಯಲ್ಲಿ ಕೀಲಿನ ಪ್ಲೇಟಿನ ಸ್ಕ್ರೂಗಳು ಮುಂದಿನ ಅಂಚಿನಿಂದ 37 ಮಿ.ಮೀ. ಒಳಗೆ ಬರುತ್ತವೆ. ಬಾಗಿಲು ಪೆಟ್ಟಿಗೆಯ ಅಂಚನ್ನು ಪೂರ್ತಿ ಮುಚ್ಚುವುದರಿಂದ ಅಂಗಡಿಯಲ್ಲಿ ‘ಝೀರೋ ಕ್ರ್ಯಾಂಕ್’ (ತೋಳು ಬಾಗದ) ಕೀಲು ಕೇಳಿ. ಎರಡು ಬಾಗಿಲು ಒಂದೇ ಹಲಗೆಯನ್ನು ಹಂಚಿಕೊಂಡರೆ 8 ಕ್ರ್ಯಾಂಕ್, ಬಾಗಿಲು ಚೌಕಟ್ಟಿನ ಒಳಗೆ ಕೂರುವುದಾದರೆ 16 ಕ್ರ್ಯಾಂಕ್.

ಪ್ರಶ್ನೆ: ಬಿಡಬ್ಲ್ಯೂಪಿ ದರ್ಜೆಯ ಪ್ಲೈವುಡ್ ಎಂದೇ ಹೆಚ್ಚು ದುಡ್ಡು ಕೊಟ್ಟು ತಂದೆವು. ಎರಡೇ ವರ್ಷಕ್ಕೆ ಸಿಂಕ್ ಕೆಳಗಿನ ತಳ ಉಬ್ಬಿದೆ. ಮೋಸ ಹೋದೆವೇ? — ಓದುಗರೊಬ್ಬರು, ಮೈಸೂರು

ಹಾಗೆಂದು ಈಗಲೇ ತೀರ್ಮಾನಿಸಬೇಡಿ. ಬಿಡಬ್ಲ್ಯೂಪಿ ಎಂದರೆ ಕುದಿಯುವ ನೀರಿಗೂ ಜಗ್ಗದು ಎಂದು, ಆದರೆ ಅದು ಪದರಗಳ ನಡುವಿನ ಅಂಟಿನ ವಿಷಯ. ಐಎಸ್ 710 ಮಾನಕದಲ್ಲಿ ಹಲಗೆಯ ತುಂಡನ್ನು 72 ಗಂಟೆ ಕುದಿಸಿ ಅಂಟು ಬಿಟ್ಟಿತೇ ಎಂದು ನೋಡುತ್ತಾರೆ. ಅಂಟು ಉಳಿದರೂ ಮರ ಮರವೇ. ನೀರು ನಿಂತರೆ ಕೊಯ್ದ ಅಂಚಿನಿಂದ ಹೀರಿಕೊಳ್ಳುತ್ತದೆ, ಉಬ್ಬುತ್ತದೆ. ಉಬ್ಬಿದ ಜಾಗದ ಅಂಚಿಗೆ ಚಾಕುವಿನ ತುದಿ ತೂರಿಸಿ ನೋಡಿ. ಪದರಗಳು ಪುಸ್ತಕದ ಹಾಳೆಯಂತೆ ಬಿಚ್ಚಿಕೊಂಡರೆ ಅಂಟೇ ಕಳಪೆ. ಪದರ ಗಟ್ಟಿಯಾಗಿದ್ದು ಬರಿ ಊದಿಕೊಂಡಿದ್ದರೆ ತಪ್ಪು ಅಂಚು ಮುಚ್ಚದವರದು. ಹೊಸ ಹಲಗೆ ಕೊಳ್ಳುವಾಗ ಅದರ ಮೇಲಿನ ಐಎಸ್‌ಐ ಗುರುತು, ಐಎಸ್ 710 ಎಂಬ ಮುದ್ರೆ, ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಮೂರನ್ನೂ ನೋಡಿ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಪರವಾನಗಿ ಯಾರದೆಂದು ಗೊತ್ತಾಗುತ್ತದೆ.

ಈಗ ರಿಪೇರಿ. ನೀರು ಎಲ್ಲಿಂದ ಬರುತ್ತಿದೆ ಎಂದು ಪತ್ತೆಯಾಗುವ ತನಕ ಹೊಸ ತಳ ಹಾಕಬೇಡಿ. ಸಿಂಕ್ ತುಂಬ ನೀರು ತುಂಬಿಸಿ ಒಮ್ಮೆಗೇ ಬಿಡಿ. ಒಣ ಟಿಶ್ಯೂ ಕಾಗದವನ್ನು ಮೊದಲು ಜಾಲರಿ ಕೂರುವ ಕಪ್ಲಿಂಗ್ ಸುತ್ತ, ಆಮೇಲೆ ಅದರ ಕೆಳಗಿನ ಬಾಟಲಿಯಾಕಾರದ ಬಾಟಲ್ ಟ್ರ್ಯಾಪ್‌ನ ನಟ್ಟಿಗೆ, ಕೊನೆಗೆ ಸಿಂಕ್ ಮತ್ತು ಕಲ್ಲು ಕೂಡುವ ಗೆರೆಗೆ ಒತ್ತಿ ನೋಡಿ. ಆ ಗೆರೆಯಲ್ಲಿ ಒದ್ದೆಯಾದರೆ ಹಳೆಯ ಸಿಲಿಕಾನ್ ಪೂರ್ತಿ ಕೆರೆದು ತೆಗೆದು, ಒಣಗಿಸಿ, ಹೊಸದಾಗಿ ಹಾಕಿ 24 ಗಂಟೆ ನೀರು ಬಿಡದಿರಿ. ಹಳೆಯದರ ಮೇಲೆ ಹೊಸ ಸಿಲಿಕಾನ್ ಹಿಡಿಯುವುದಿಲ್ಲ.

ಈ ಒಂದು ಕಪಾಟಿನ ತಳಕ್ಕೆ ಪ್ಲೈಗಿಂತ ಡಬ್ಲ್ಯೂಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ) ಹಲಗೆಯೇ ಮೇಲು. ನೀರಿಗೆ ಜಗ್ಗದು, ಗೆದ್ದಲು ಮುಟ್ಟದು. ಆದರೆ ಇಡೀ ಅಡುಗೆಮನೆಗೆ ಅದನ್ನೇ ಹಾಕಿ ಎನ್ನುವವರ ಮಾತು ಕೇಳಬೇಡಿ. ಸ್ಕ್ರೂ ಹಿಡಿತದಲ್ಲಿ ಅದು ಪ್ಲೈಗೆ ಸಾಟಿಯಲ್ಲ, ಉದ್ದದ ತಟ್ಟು ಮಾಡಿ ಭಾರವಿಟ್ಟರೆ ಜೋತು ಬೀಳುತ್ತದೆ. ತಳದ ಮೇಲೆ ಅಂಚು ಮಡಿಚಿದ ಅಲ್ಯೂಮಿನಿಯಂ ತಟ್ಟೆ ಕೂರಿಸಿ. ಪೈಪಿಗೆಂದು ಬದಿಯ ಹಲಗೆಗೆ ಕೊರೆದ ದೊಡ್ಡ ತೂತುಗಳ ಒಳಅಂಚಿಗೆ ಎರಡು ಕೈ ಎಪಾಕ್ಸಿ ಅಥವಾ ಪಿಯು ಸೀಲರ್ ಬಳಿಯಿರಿ. ಆ ತೂತಿನ ಅಂಚನ್ನು ಬರಿದಾಗಿ ಬಿಡದ ಕೆಲಸ ಕಾಣುವುದು ಅಪರೂಪ. ಪೈಪಿನ ಸುತ್ತಲಿನ ಸಂದನ್ನೂ ಸಿಲಿಕಾನ್‌ನಿಂದ ಮುಚ್ಚಿದರೆ ಜಿರಳೆಯ ದಾರಿಯೂ ಮುಚ್ಚುತ್ತದೆ. ಸಿಂಕ್ ಕಪಾಟಿಗೆ ಹಿಂಬದಿಯ ಹಲಗೆ ಬೇಡವೇ ಬೇಡ. ಗೋಡೆ ಉಸಿರಾಡಲಿ, ಪೈಪು ಕಣ್ಣಿಗೆ ಬೀಳಲಿ.

ಪ್ರಶ್ನೆ: ನಮ್ಮದು ಹಳೆಯ ಅಡುಗೆಮನೆ. ಕಟ್ಟೆಯ ಕೆಳಗೆ ಕಡಪ ಕಲ್ಲಿನ ಗೂಡುಗಳಿವೆ. ಕಲ್ಲು ಒಡೆಯದೆ ಬಾಗಿಲು ಕೂರಿಸಬಹುದೇ? ಮಳೆಗಾಲದಲ್ಲಿ ಗೋಡೆಯೆಲ್ಲ ತೇವ, ಗೆದ್ದಲಿನ ಕಾಟವೂ ಇದೆ. — ಓದುಗರೊಬ್ಬರು, ಸಾಗರ

ಧಾರಾಳವಾಗಿ ಕೂರಿಸಬಹುದು. ಕಲ್ಲನ್ನು ಉಳಿಸಿಕೊಳ್ಳಬೇಕೆಂಬ ನಿಮ್ಮ ಯೋಚನೆ ಸರಿಯಾಗಿದೆ. ಗೂಡಿನೊಳಗೆ ಪ್ಲೈ ಪೆಟ್ಟಿಗೆ ಮಾಡಿ ತೂರಿಸುವುದೂ ಒಂದು ದಾರಿಯೇ, ಕಲ್ಲಿಗೆ ಒಂದೂ ತೂತು ಬೇಡ. ಆದರೆ ಮಲೆನಾಡಿನ ತೇವಕ್ಕೆ ಅದು ಹೊಂದುವುದಿಲ್ಲ. ಪೆಟ್ಟಿಗೆ ಮತ್ತು ಗೋಡೆಯ ನಡುವಿನ ಕತ್ತಲೆ ಸಂದಿನಲ್ಲಿ ಬೂಸು ಹಿಡಿಯುತ್ತದೆ, ಗೆದ್ದಲು ಏರಿದರೆ ತಿಂದು ಮುಗಿಸಿದ ಮೇಲೆ ಗೊತ್ತಾಗುತ್ತದೆ. ಬಿಡಬ್ಲ್ಯೂಪಿ ಎಂದರೆ ಗೆದ್ದಲು ತಿನ್ನುವುದಿಲ್ಲ ಎಂದಲ್ಲ. ತಳ ಮತ್ತು ತಟ್ಟು ಕಲ್ಲಿನವೇ ಇರಲಿ. ಮುಂಭಾಗಕ್ಕೆ ಮಾತ್ರ ಮರದ ಪಟ್ಟಿ, ಅದಕ್ಕೆ ಬಾಗಿಲು.

ಪ್ರತಿ ನಿಲುಗಲ್ಲಿನ ಎರಡೂ ಮುಖಕ್ಕೆ 70 ಮಿ.ಮೀ. ಅಗಲ, 20 ಮಿ.ಮೀ. ದಪ್ಪದ ಒಣಗಿದ ಸಾಗುವಾನಿ ರೀಪು ಇಟ್ಟು, ನಡುವೆ ಕಲ್ಲು ಸಿಕ್ಕಿಕೊಳ್ಳುವಂತೆ ಆರುಪಾರು ಬೋಲ್ಟ್ ಬಿಗಿಯಬೇಕು. 45 ಮಿ.ಮೀ. ರೀಪು ಸಾಲದು. ಕೀಲಿನ ಪ್ಲೇಟಿನ ಸ್ಕ್ರೂ 37ರಲ್ಲಿ ಬಂದು ಪ್ಲೇಟು ಅದಕ್ಕೂ ಹಿಂದಕ್ಕೆ ಚಾಚುತ್ತದೆ. ರೀಪಿನ ಮುಂದಂಚು ಕಲ್ಲಿಗಿಂತ 3 ಮಿ.ಮೀ. ಮುಂದಿರಲಿ, ಆಗ ಬಾಗಿಲು ಕಲ್ಲಿಗೆ ಬಡಿಯದೆ ಮರಕ್ಕೆ ಒರಗುತ್ತದೆ. ಕೆಳತುದಿ ನೆಲದಿಂದ 75 ಮಿ.ಮೀ. ಮೇಲೇ ನಿಲ್ಲಲಿ.

ಕೊರೆಯುವುದೇ ಸೂಕ್ಷ್ಮದ ಕೆಲಸ. ಕಡಪ ಪದರ ಪದರದ ಸುಣ್ಣಕಲ್ಲು. ಅಂಚಿಗೆ ಹತ್ತಿರ ಕೊರೆದರೆ ಚಕ್ಕೆ ಎದ್ದು ಸೀಳುತ್ತದೆ. ಮುಂದಿನ ಅಂಚಿನಿಂದ 50 ಮಿ.ಮೀ. ಒಳಗೆ ಗುರುತು ಹಾಕಿ. ಡ್ರಿಲ್‌ನ ಹ್ಯಾಮರ್ ಗುಂಡಿ ಆಫ್ ಮಾಡಿ, ಗಾಜು-ಟೈಲ್‌ಗೆ ಬಳಸುವ ಬಿಟ್‌ನಿಂದ ಮೊದಲು 4 ಮಿ.ಮೀ., ಆಮೇಲೆ 6.5 ಮಿ.ಮೀ. ತೂತು. ಬಿಟ್ಟು ಬಿಟ್ಟು ಕೊರೆಯಿರಿ. ತಣ್ಣಗಿಡಲು ಒದ್ದೆ ಸ್ಪಂಜು ಒತ್ತಿ ಸಾಕು, ಡ್ರಿಲ್ ಮೇಲೆ ನೀರು ಬೀಳಬಾರದು. ಬಿಟ್ ಆ ಬದಿಗೆ ಹೊರಡುವ ಹೊತ್ತಿಗೆ ಕೈಯ ಒತ್ತಡ ಸಡಿಲಿಸಿ, ಹಿಂದೆ ಒಂದು ಮರದ ತುಂಡು ಒತ್ತಿ ಹಿಡಿಯಲು ಇನ್ನೊಬ್ಬರಿರಲಿ. ಒಂದು ನಿಲುಗಲ್ಲಿಗೆ ಮೂರು ಬೋಲ್ಟ್, 6 ಮಿ.ಮೀ. ದಪ್ಪ, 60 ಮಿ.ಮೀ. ಉದ್ದ, ತಲೆಯೂ ನಟ್ಟೂ ಮುಳುಗುವಂತೆ ರೀಪಿನಲ್ಲಿ ಗುಳಿ ತೆಗೆದಿರಿ. ಕೀಲು ಬರುವ ಜಾಗದಲ್ಲಿ ಬೋಲ್ಟ್ ಬೀಳದಂತೆ ಮೊದಲೇ ನೋಡಿಕೊಳ್ಳಿ. ನಟ್ಟನ್ನು ಕೈಬಿಗಿತಕ್ಕಿಂತ ಅರ್ಧ ಸುತ್ತು ಹೆಚ್ಚು ತಿರುಗಿಸಿದರೆ ಸಾಕು. ಸ್ಪ್ಯಾನರ್ ಜಗ್ಗಿದರೆ ಕಲ್ಲು ಬಿರಿಯುತ್ತದೆ.

ಎರಡು ರೀಪು, ಒಂದು ಕಲ್ಲು ಸೇರಿ ಸುಮಾರು 60 ಮಿ.ಮೀ. ಅಗಲದ ಕಂಬವಾಗುತ್ತದೆ. ಝೀರೋ ಕ್ರ್ಯಾಂಕ್ ಕೀಲಿನಿಂದ ಎರಡೂ ಕಡೆಯ ಬಾಗಿಲು ತಲಾ 17 ಮಿ.ಮೀ. ಮುಚ್ಚಿದರೆ ನಡುವೆ 26 ಮಿ.ಮೀ. ಕಾಣುತ್ತದೆ. ಅಲ್ಲಿಗೆ ಬಾಗಿಲಿನದೇ ಬಣ್ಣದ ಮೈಕಾ ಪಟ್ಟಿ ಅಂಟಿಸಿ. ಹಳೆಯ ಗೂಡುಗಳು ಚೌಕವಾಗಿರುವುದು ಕಡಿಮೆ. ಪ್ರತಿಯೊಂದನ್ನೂ ಮೇಲೆ, ನಡುವೆ, ಕೆಳಗೆ ಅಳೆದು ಬಾಗಿಲುಗಳನ್ನು ಬೇರೆ ಬೇರೆಯಾಗಿಯೇ ಕೊಯ್ಸಿ. ಒಂದು ಅಳತೆ ಹಿಡಿದು ಎಲ್ಲವನ್ನೂ ಮಾಡಿಸಬೇಡಿ. ಮಳೆಗಾಲಕ್ಕೆ ಮರ ಹಿಗ್ಗುವುದರಿಂದ ಬಾಗಿಲುಗಳ ನಡುವಿನ ಸಂದು ನಿಮ್ಮಲ್ಲಿ 4 ಮಿ.ಮೀ. ಇರಲಿ. ಬಾಗಿಲಿನ ಮೇಲ್ಭಾಗದಲ್ಲೂ ಕೆಳಭಾಗದಲ್ಲೂ ಗಾಳಿಯಾಡುವ ಕಿಂಡಿ ಬಿಟ್ಟರೆ ಒಳಗಿನ ಪಾತ್ರೆಗೆ ಬೂಸಿನ ವಾಸನೆ ಬರುವುದಿಲ್ಲ.

ಪ್ರಶ್ನೆ: ಕೀಲಿನ ಸ್ಕ್ರೂ ಕಿತ್ತು ಬಂದಿದೆ. ಬೆಂಕಿಕಡ್ಡಿ ತುರುಕಿ ಬಿಗಿದರೂ ತಿಂಗಳಿಗೆ ಮತ್ತೆ ಸಡಿಲ. — ಓದುಗರೊಬ್ಬರು, ತುಮಕೂರು

ಕಡ್ಡಿ ತೂತನ್ನು ತುಂಬುವುದಿಲ್ಲ, ಸ್ಕ್ರೂವನ್ನು ಒಂದು ಬದಿಗೆ ತಳ್ಳುತ್ತದೆ ಅಷ್ಟೆ. ಹಲಗೆ ಪ್ಲೈ ಆಗಿದ್ದರೆ ಕೆಟ್ಟ ತೂತನ್ನೇ 8 ಮಿ.ಮೀ.ಗೆ ಹಿಗ್ಗಿಸಿ, 12 ಮಿ.ಮೀ. ಆಳಕ್ಕೆ ನಿಲ್ಲಿಸಿ. ಬಿಟ್‌ಗೆ ಟೇಪು ಸುತ್ತಿ ಆಳದ ಗುರುತು ಮಾಡಿಕೊಂಡರೆ ಆರುಪಾರಾಗುವುದಿಲ್ಲ. 8 ಮಿ.ಮೀ. ದಪ್ಪದ, ದುಂಡು ಗೂಟದಂಥ ಮರದ ಡೋವೆಲ್‌ಗೆ ನೀರು ತಡೆಯುವ ಮರದ ಅಂಟು ಸವರಿ ಬಡಿದು ಕೂರಿಸಿ. ಒಂದು ದಿನ ಬಿಟ್ಟು, ಮಟ್ಟಸ ಮಾಡಿ, ನಡುವೆ 2.5 ಮಿ.ಮೀ. ತೂತು ಕೊರೆದು 3.5 × 16 ಮಿ.ಮೀ. ಸ್ಕ್ರೂವನ್ನು ಕೈಯಿಂದಲೇ ಬಿಗಿಯಿರಿ. ಬ್ಯಾಟರಿ ಡ್ರಿಲ್‌ನ ಕೊನೆಯ ಅರ್ಧ ಸುತ್ತಿನಲ್ಲೇ ಹೆಚ್ಚಿನ ತೂತುಗಳು ಕೆಡುವುದು.

ಹಲಗೆ ಪಾರ್ಟಿಕಲ್ ಬೋರ್ಡ್ ಆಗಿದ್ದು ಊದಿಕೊಂಡು ಪುಡಿಯಾಗುತ್ತಿದ್ದರೆ ಡೋವೆಲ್ ನಿಲ್ಲದು. ಕೀಲು ರಿಪೇರಿಗೆಂದೇ ಸಿಗುವ ಸ್ಟೀಲ್ ಪ್ಲೇಟ್ ತನ್ನಿ. ಅದು ಕೆಟ್ಟ ಜಾಗವನ್ನು ದಾಟಿ ಸುತ್ತಲಿನ ಗಟ್ಟಿ ಭಾಗಕ್ಕೆ ಹಿಡಿಯುತ್ತದೆ. ಬಾಗಿಲಿಗೆ ಎಷ್ಟು ಕೀಲುಗಳಿವೆ ಎಂದೂ ನೋಡಿ: 900 ಮಿ.ಮೀ. ಎತ್ತರದವರೆಗೆ ಎರಡು, 1600ರವರೆಗೆ ಮೂರು, 2000ಕ್ಕೆ ನಾಲ್ಕು. ಕಡಿಮೆಯಿದ್ದರೆ ಮೇಲಿನ ಕೀಲೇ ಪ್ರತಿ ಸಲ ಕಿತ್ತು ಬರುತ್ತದೆ.

ಪ್ರಶ್ನೆ: ಅಪಾರ್ಟ್‌ಮೆಂಟ್‌ನ ಗೋಡೆಗೆ 900 ಮಿ.ಮೀ. ಅಗಲದ ಮೇಲ್ಕಪಾಟು ತೂಗುಹಾಕಬೇಕು. ತೂತು ಕೊರೆದರೆ ಬಿಳಿ ಪುಡಿ ಬರುತ್ತಿದೆ, ಪ್ಲಗ್ ಗರಗರ ತಿರುಗುತ್ತದೆ. — ಓದುಗರೊಬ್ಬರು, ಬೆಂಗಳೂರು

ಪುಡಿಯ ಬಣ್ಣವೇ ಉತ್ತರ ಹೇಳಿದೆ. ಗಾರೆ ದಾಟಿದ ಮೇಲೆ ಕೆಂಪು ಬಂದರೆ ಇಟ್ಟಿಗೆ, ಬೂದು ಬಂದರೆ ಕಾಂಕ್ರೀಟು, ಬಿಳಿ ಬಂದರೆ ಎಎಸಿ ಎಂಬ ಹಗುರ ಬ್ಲಾಕು. ಎಎಸಿಯೊಳಗೆ ಪುಟ್ಟ ಪುಟ್ಟ ಗಾಳಿಗುಳ್ಳೆಗಳು ತುಂಬಿರುವುದರಿಂದ ಸಾದಾ ಪ್ಲಗ್ ಹಿಗ್ಗಿದರೆ ಬ್ಲಾಕು ಪುಡಿಯಾಗುತ್ತದೆಯೇ ಹೊರತು ಹಿಡಿಯುವುದಿಲ್ಲ.

ಭಾರದ ಲೆಕ್ಕ ಮೊದಲು ಮಾಡಿ. 900 × 600 × 300 ಅಳತೆಯ 18 ಮಿ.ಮೀ. ಪ್ಲೈ ಕಪಾಟು ಬರಿದೇ 25 ಕೆ.ಜಿ. ಹತ್ತಿರವಿರುತ್ತದೆ. ಡಬ್ಬಿ, ತಟ್ಟೆ ಸೇರಿ 60 ಕೆ.ಜಿ. ದಾಟುವುದು ಸುಲಭ. ಅದನ್ನು ನಾಲ್ಕು ಸ್ಕ್ರೂಗಳ ಮೇಲೆ ಬಿಡಬೇಡಿ. 100 ಮಿ.ಮೀ. ಅಗಲದ ಎರಡು ಪ್ಲೈ ಪಟ್ಟಿಗಳ ಒಂದೊಂದು ಅಂಚನ್ನು 45 ಡಿಗ್ರಿ ಓರೆಯಾಗಿ ಕೊಯ್ಸಿ. ಒಂದನ್ನು ಓರೆ ಮೇಲ್ಮುಖವಾಗಿ ಗೋಡೆಗೆ, ಇನ್ನೊಂದನ್ನು ಕೆಳಮುಖವಾಗಿ ಕಪಾಟಿನ ಹಿಂಭಾಗಕ್ಕೆ ಬಿಗಿದರೆ ಕಪಾಟು ಮೇಲಿಂದ ಜಾರಿ ಕೂರುತ್ತದೆ. ಕಪಾಟಿನ ಪಟ್ಟಿಯನ್ನು 6 ಮಿ.ಮೀ. ಹಿಂಬದಿ ಹಲಗೆಗಷ್ಟೇ ಹೊಡೆಯಬೇಡಿ. ಸ್ಕ್ರೂ ಬದಿಯ ಮತ್ತು ಮೇಲಿನ 18 ಮಿ.ಮೀ. ಹಲಗೆಗಳಿಗೆ ಇಳಿಯಬೇಕು. ಗೋಡೆಯ ಪಟ್ಟಿಗೆ ಆರು ಸ್ಕ್ರೂ. ಎಎಸಿಗೆಂದೇ ಬರುವ, ರೆಕ್ಕೆ ಸುತ್ತಿದಂಥ ನೈಲಾನ್ ಪ್ಲಗ್ ತನ್ನಿ. ಪೊಟ್ಟಣದ ಮೇಲೆ ಬರೆದ ಅಳತೆಗೇ, ಹ್ಯಾಮರ್ ಇಲ್ಲದೆ ಕೊರೆಯಿರಿ. ಎರಡು ತುದಿಗಳಿಗೆ ರಾಸಾಯನಿಕ ಆ್ಯಂಕರ್ ಹಾಕಿದರೆ ಇನ್ನೂ ಭದ್ರ. ಗೋಡೆಯ ಆಚೆ ಬದಿ ನಿಮ್ಮದೇ ಯುಟಿಲಿಟಿ ಆಗಿದ್ದರೆ ಆರುಪಾರು ಬೋಲ್ಟ್, ದೊಡ್ಡ ವಾಷರ್ ಎಲ್ಲಕ್ಕಿಂತ ಮೇಲು.

ಸ್ಕ್ರೂ ಉದ್ದದಲ್ಲಿ ಗಾರೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದಕ್ಕೆ ಹಿಡಿತವಿಲ್ಲ. ಪಟ್ಟಿ 18, ಗಾರೆ 15, ಬ್ಲಾಕಿನೊಳಗೆ 60 ಎಂದರೆ 93. ಅಂದರೆ 100 ಮಿ.ಮೀ. ಸ್ಕ್ರೂ. ಸ್ವಿಚ್ ಬೋರ್ಡಿನ ನೇರ ಮೇಲೆ, ನಲ್ಲಿಯ ನೇರ ಮೇಲೆ ಕೊರೆಯಬೇಡಿ. ವೈರು, ಪೈಪು ಅಲ್ಲೇ ಏರಿರುತ್ತವೆ. ಕಲ್ಲಿನ ಒರಳು, ಹಿತ್ತಾಳೆ ಪಾತ್ರೆಯ ಜಾಗ ಕೆಳಗಿನ ಕಪಾಟು.

ಪ್ರಶ್ನೆ: ಗ್ಯಾಸ್ ಸಿಲಿಂಡರನ್ನು ಕಪಾಟಿನೊಳಗೆ ಮುಚ್ಚಿಡಬಹುದೇ? — ಓದುಗರೊಬ್ಬರು, ಹಾಸನ

ಇಡಬಹುದು, ಗಾಳಿಯ ದಾರಿ ಇದ್ದರೆ ಮಾತ್ರ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲ ಹಿಡಿದು ಹರಡುತ್ತದೆ. ಆದ್ದರಿಂದ ನೆಲದ ಮಟ್ಟದಲ್ಲಿ ಒಂದು ಕಿಂಡಿ, ಮೇಲ್ಭಾಗದಲ್ಲಿ ಇನ್ನೊಂದು ಇರಲೇಬೇಕು. ಮುಂದೆ ಸ್ಕರ್ಟಿಂಗ್ ಪಟ್ಟಿ ಹಾಕಿ ಕೆಳಗಿನ ಕಿಂಡಿಯನ್ನು ಮುಚ್ಚಿಬಿಡುವುದು ಪದೇ ಪದೇ ಕಾಣುವ ತಪ್ಪು. 14.2 ಕೆ.ಜಿ. ಸಿಲಿಂಡರು ತುಂಬಿದಾಗ ಸುಮಾರು 30 ಕೆ.ಜಿ. ತೂಗುತ್ತದೆ, ಎತ್ತರ ಸುಮಾರು 630, ವ್ಯಾಸ 320 ಮಿ.ಮೀ. ಈ ಕಪಾಟಿಗೆ ತಳ ಬೇಡ, ಸಿಲಿಂಡರು ನೆಲದ ಮೇಲೇ ನೆಟ್ಟಗೆ ನಿಲ್ಲಲಿ. ಮೇಲೆ ಕೈ ಹೋಗಿ ರೆಗ್ಯುಲೇಟರ್ ತಿರುಗಿಸಲು 100 ಮಿ.ಮೀ. ಬಿಡಿ. ನೀರು ಶುದ್ಧೀಕರಣ ಯಂತ್ರದ ಪ್ಲಗ್ ಪಾಯಿಂಟ್ ಆಗಲಿ, ಬೇರೆ ಯಾವ ಸ್ವಿಚ್ಚಾಗಲಿ ಆ ಗೂಡಿನಲ್ಲಿ ಇರಬಾರದು. ರಬ್ಬರ್ ಪೈಪು ಡ್ರಾಯರ್ ಹಿಂದೆ ಸುತ್ತಿ ಬರಬಾರದು. ಕಣ್ಣಿಗೆ ಕಾಣಬೇಕು, ಐದು ವರ್ಷಕ್ಕೊಮ್ಮೆ ಬದಲಾಗಬೇಕು. ಸೋರಿಕೆಯ ವಾಸನೆ ಬಂದರೆ ಕರೆಯಬೇಕಾದ ಸಂಖ್ಯೆ 1906. ಬಾಗಿಲಿನ ಒಳಮುಖಕ್ಕೆ ಅದನ್ನು ಬರೆದು ಅಂಟಿಸಿ.

ಪ್ರಶ್ನೆ: ಡ್ರಾಯರ್ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಚಾನೆಲ್ ಕೆಟ್ಟಿದೆಯೇ? — ಓದುಗರೊಬ್ಬರು, ದಾವಣಗೆರೆ

ಹೊಸ ಚಾನೆಲ್ ತರುವ ಮುನ್ನ ಡಬ್ಬವನ್ನು ಅಳೆಯಿರಿ. ಟೆಲಿಸ್ಕೋಪಿಕ್ ಚಾನೆಲ್ ಒಂದೊಂದು ಬದಿಗೆ 12.7 ಮಿ.ಮೀ. ಕೇಳುತ್ತದೆ. ಕಪಾಟಿನ ಒಳಅಗಲ 560 ಇದ್ದರೆ ಡ್ರಾಯರ್ ಡಬ್ಬದ ಹೊರಅಗಲ 534. ಒಂದು ಮಿ.ಮೀ. ಕಡಿಮೆಯಾದರೆ ಚಾನೆಲ್ ಹಿಂದೆ ಮೈಕಾ ಚೂರು ಇಟ್ಟು ಸರಿಪಡಿಸಬಹುದು. ಎರಡು ಮಿ.ಮೀ. ಹೆಚ್ಚಾದರೆ ಗೋಲಿಗಳು ಅಮುಕಿ ಹೀಗೇ ಸಿಕ್ಕಿಕೊಳ್ಳುತ್ತವೆ, ಡಬ್ಬ ಬಿಚ್ಚಿ ಮತ್ತೆ ಕೊಯ್ಯದೆ ಗತಿಯಿಲ್ಲ. ಅಗಲ ಸರಿಯಿದ್ದರೆ ಎರಡು ಚಾನೆಲ್‌ಗಳೂ ತಳದಿಂದ ಒಂದೇ ಎತ್ತರದಲ್ಲಿವೆಯೇ ನೋಡಿ. ಒಂದೇ ಅಳತೆಯ ಮರದ ತುಂಡನ್ನು ಎರಡೂ ಬದಿಯ ಚಾನೆಲ್ ಕೆಳಗೆ ಆಧಾರವಾಗಿಟ್ಟು ಸ್ಕ್ರೂ ಬಿಗಿದರೆ ಈ ತಪ್ಪು ಆಗುವುದಿಲ್ಲ. ಸ್ಕ್ರೂ ತಲೆ ಪೂರ್ತಿ ಮುಳುಗದೆ ಒಳಗಿನ ಪಟ್ಟಿಗೆ ತಾಗುತ್ತಿರಲೂಬಹುದು.

ಪ್ರಶ್ನೆ: ಸ್ಟೀಲ್ ಬಾಸ್ಕೆಟ್ ವರ್ಷದೊಳಗೆ ತುಕ್ಕು ಹಿಡಿದಿದೆ. ಅಯಸ್ಕಾಂತ ಹಿಡಿಯದ್ದನ್ನೇ ಆರಿಸಿ ತಂದಿದ್ದೆವು. — ಓದುಗರೊಬ್ಬರು, ಕುಂದಾಪುರ

ಅಯಸ್ಕಾಂತದ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬಾರದು. ಅಗ್ಗದ 202 ದರ್ಜೆಗೂ ಅಯಸ್ಕಾಂತ ಹಿಡಿಯುವುದಿಲ್ಲ, 304ಕ್ಕೂ ಹಿಡಿಯುವುದಿಲ್ಲ. 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹೆಚ್ಚಿಸಿರುತ್ತಾರೆ. ಕಡಲತೀರದ ಉಪ್ಪುಗಾಳಿಗೆ ಅದು ತಾಳುವುದಿಲ್ಲ. ದರ್ಜೆ ಗುರುತಿಸುವ ದ್ರವದ ಹನಿ ಬಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಬಿಲ್ಲಿನಲ್ಲಿ 304 ಎಂದು ಬರೆಸಿಕೊಳ್ಳಿ, ಕೀಲಿಗೂ ಅದೇ ದರ್ಜೆ ಕೇಳಿ. ತುಕ್ಕು ಸಾಮಾನ್ಯವಾಗಿ ಶುರುವಾಗುವುದು ಸರಳುಗಳ ಬೆಸುಗೆಯಲ್ಲಿ. ತೊಳೆದ ಪಾತ್ರೆಯನ್ನು ನೀರು ಸೋರುತ್ತಿರುವಾಗಲೇ ಬಾಸ್ಕೆಟ್‌ಗೆ ಹಾಕಬೇಡಿ.